ಪರೀಕ್ಷಾ ಭೀತಿಯೂ ವಿದ್ಯಾರ್ಥಿಯ ವ್ಯಕ್ತಿತ್ವವೂ

ಪರೀಕ್ಷೆಗೆ ಹೆದರದವರು ಯಾರೂ ಇಲ್ಲವೆಂಬುದು ಲೋಕದ ಮಾತು. ಮಾತೇನೋ ಮುಕ್ಕಾಲು ಪಾಲು ನಿಜ. ಆದರೆ ಎಲ್ಲರೂ ಒಂದೇ ಸಮನಾಗಿ ಹೆದರುವುದಿಲ್ಲವೆಂಬುದೂ ಅಷ್ಟೇ ನಿಜ. ಮನಶ್ಶಾಸ್ತ್ರದ ವಿದ್ಯಾರ್ಥಿಗೆ ಕುತೂಹಲ ಹುಟ್ಟಿಸುವುದು ಈ ಎರಡನೆಯ ನಿಜವೇ. ಎಸ್.ಎಸ್.ಎಲ್.ಸಿ. ಪರೀಕ್ಷೆ ನಡೆಯುವ ಒಂದು ಕೊಠಡಿಯನ್ನು ತೆಗೆದುಕೊಳ್ಳಿ. ಪ್ರಶ್ನೆಪತ್ರಿಕೆ ಒಂದೇ, ಕಾಲ ಒಂದೇ, ಬಾಗಿಲ ಬಳಿ ನಿಂತ ಮೇಲ್ವಿಚಾರಕರೂ ಒಬ್ಬರೇ. ಆದರೂ ಪತ್ರಿಕೆ ಓದಲು ಕೊಟ್ಟ 15 ನಿಮಿಷ ಮುಗಿದೊಡನೆ ಒಬ್ಬ ಹುಡುಗ ತಲೆ ಬಗ್ಗಿಸಿ ಬರೆಯತೊಡಗುತ್ತಾನೆ. ಪಕ್ಕದವನ ಅಂಗೈ ಬೆವರಿ ಉತ್ತರಪತ್ರಿಕೆಯ ಅಂಚು ಒದ್ದೆಯಾಗುತ್ತದೆ. ಅದರಾಚೆಯ ಹುಡುಗಿ ಒಂದನೆಯ ಪ್ರಶ್ನೆಯನ್ನು ನಾಲ್ಕು ಸಾರಿ ಓದಿ, ನಾಲ್ಕನೆಯ ಸಾರಿಗೂ ಅದರಲ್ಲೇನು ಕೇಳಿದ್ದಾರೆಂದು ತಿಳಿಯದೆ ಕುಳಿತಿರುತ್ತಾಳೆ. ಹೊರಗಿನ ಕಾರಣ ಒಂದೇ ಆಗಿದ್ದು ಫಲ ಬೇರೆಬೇರೆಯಾದರೆ, ಭೇದವನ್ನು ಒಳಗೆ ಹುಡುಕಬೇಕಾಗುತ್ತದೆ.

ನಮ್ಮ ಹಿರಿಯರು ಈ ಭೇದಕ್ಕೆ ಎರಡು ಸುಲಭವಾದ ವಿವರಣೆಗಳನ್ನು ಇಟ್ಟುಕೊಂಡಿದ್ದಾರೆ. ‘ಓದಿಲ್ಲ, ಅದಕ್ಕೇ ಭಯ’ ಎಂಬುದು ಒಂದು. ‘ಹುಟ್ಟುಗುಣ, ಏನೂ ಮಾಡುವ ಹಾಗಿಲ್ಲ’ ಎಂಬುದು ಇನ್ನೊಂದು. ಮೊದಲನೆಯದು ಮಗುವನ್ನು ಅಪರಾಧಿಯನ್ನಾಗಿ ಮಾಡುತ್ತದೆ. ಎರಡನೆಯದು ಅದನ್ನು ಕೈಬಿಡುತ್ತದೆ. ಎರಡರಲ್ಲಿಯೂ ಸ್ವಲ್ಪ ಸ್ವಲ್ಪ ಸತ್ಯವಿದೆ. ಎಷ್ಟೆಷ್ಟು ಎಂಬುದನ್ನು ನನಗೆ ತಿಳಿದಮಟ್ಟಿಗೆ ನೋಡುವುದೇ ಈ ಲೇಖನದ ಉದ್ದೇಶ.

ಮೊದಲು ಶಬ್ದಾರ್ಥವನ್ನು ಸರಿಮಾಡಿಕೊಳ್ಳೋಣ. ಭೀತಿಗೂ ಆತಂಕಕ್ಕೂ ಶಾಸ್ತ್ರದಲ್ಲಿ ಭೇದವಿದೆ. ಹಾವು ಎದುರಿಗಿದ್ದಾಗ ಆಗುವುದು ಭೀತಿ. ಹಾವು ಇದ್ದರೂ ಇದ್ದೀತೆಂದು ಕತ್ತಲೆಯಲ್ಲಿ ಕಾಲಿಡಲು ಅಂಜುವುದು ಆತಂಕ. ಈ ಲೆಕ್ಕದಲ್ಲಿ ನಾವು ಪರೀಕ್ಷಾ ಭೀತಿ ಎನ್ನುವುದು ವಾಸ್ತವವಾಗಿ ಪರೀಕ್ಷಾತಂಕ. ರೂಢಿಯ ಮಾತನ್ನು ಬಿಡಲಾರದೆ ಎರಡನ್ನೂ ಬಳಸುತ್ತೇನೆ.

ಇದನ್ನು ಅಳತೆಗೆ ಸಿಕ್ಕುವ ವಸ್ತುವನ್ನಾಗಿ ಮಾಡಿದ ಕೀರ್ತಿ ಅಮೆರಿಕದ ಯೇಲ್ ವಿಶ್ವವಿದ್ಯಾನಿಲಯದ ಜಾರ್ಜ್ ಮ್ಯಾಂಡ್ಲರ್ ಮತ್ತು ಸೀಮೋರ್ ಸ್ಯಾರಸನ್ ಅವರದು. 1952ರಲ್ಲಿ ಅವರು ಒಂದು ಪ್ರಶ್ನಾವಳಿಯನ್ನು ರಚಿಸಿ, ಆತಂಕ ಹೆಚ್ಚಾಗಿರುವವರು ಪರೀಕ್ಷೆಯ ಸನ್ನಿವೇಶದಲ್ಲಿ ಕೆಲಸಕ್ಕೆ ಬೇಕಾದುದನ್ನು ಬಿಟ್ಟು ಕೆಲಸಕ್ಕೆ ಬೇಡವಾದುದರತ್ತ ಮನಸ್ಸು ಹರಿಯಬಿಡುತ್ತಾರೆಂದು ತೋರಿಸಿದರು. 1967ರಲ್ಲಿ ಲೀಬರ್ಟ್ ಮತ್ತು ಮಾರಿಸ್ ಎಂಬಿಬ್ಬರು ಈ ಆತಂಕವನ್ನು ಎರಡು ಎಳೆಗಳಾಗಿ ಬಿಡಿಸಿದರು. ಎದೆ ಹೊಡೆದುಕೊಳ್ಳುವುದು, ಬಾಯಿ ಒಣಗುವುದು, ಹೊಟ್ಟೆಯಲ್ಲಿ ಕಲಸಿದಂತಾಗುವುದು ಮೊದಲಾದ ದೇಹದ ವ್ಯಾಪಾರ ಒಂದು ಎಳೆ. ಇದನ್ನು ಉದ್ವೇಗ ಎನ್ನೋಣ. ‘ನಪಾಸಾದರೆ ಏನು ಗತಿ, ಪಕ್ಕದವನು ಆಗಲೇ ಎರಡನೆಯ ಪುಟಕ್ಕೆ ಹೋದನಲ್ಲ’ ಎಂದು ಮನಸ್ಸು ತನ್ನೊಡನೆ ತಾನೇ ನಡೆಸುವ ಮಾತುಕತೆ ಇನ್ನೊಂದು, ಇದು ಚಿಂತೆ. ನೋಡುವವರ ಕಣ್ಣಿಗೆ ಬೀಳುವುದು ಉದ್ವೇಗ, ಅಂಕಗಳನ್ನು ತಿನ್ನುವುದು ಮಾತ್ರ ಮುಖ್ಯವಾಗಿ ಚಿಂತೆ. ಅನಂತರದ ಶೋಧನೆಗಳೆಲ್ಲ ಈ ಮಾತನ್ನು ಎತ್ತಿಹಿಡಿದಿವೆ. ಕೈ ನಡುಗಿದರೂ ಚೆನ್ನಾಗಿ ಬರೆದು ಬಂದವರು ನಮ್ಮಲ್ಲಿ ಎಷ್ಟೋ ಮಂದಿ ಇದ್ದಾರೆ. ನಡುಗದೆಯೇ, ಮುಖದಲ್ಲಿ ಏನನ್ನೂ ತೋರಗೊಡದೆಯೇ, ಒಳಗೊಳಗೆ ಕೊಚ್ಚಿಹೋದವರೂ ಇದ್ದಾರೆ.

ಚಿಂತೆ ಅಂಕವನ್ನು ತಿನ್ನುವ ರೀತಿ ಹೀಗೆ. 37ನ್ನು 6ರಿಂದ ಬಾಯಲ್ಲೇ ಗುಣಿಸಿರಿ. ಮೂವತ್ತಾರಲ 180 ಎಂದು ಒಂದು ಕಡೆ ಇಟ್ಟುಕೊಂಡು, ಏಳಾರಲ 42 ಎಂದು ಇನ್ನೊಂದು ಕಡೆ ಹಿಡಿದು, ಎರಡನ್ನೂ ಕೂಡಿ 222 ಎನ್ನುತ್ತೀರಿ. ಹೀಗೆ ಕ್ಷಣಕಾಲ ‘ಇಟ್ಟುಕೊಳ್ಳುವ’ ಜಾಗಕ್ಕೆ ಕಾರ್ಯಸ್ಮೃತಿ ಎಂದು ಹೆಸರು; 1974ರಲ್ಲಿ ಬ್ಯಾಡ್ಲಿ ಮತ್ತು ಹಿಚ್ ಎಂಬ ಇಂಗ್ಲಿಷ್ ಮನಶ್ಶಾಸ್ತ್ರಜ್ಞರು ಇದರ ರೂಪವನ್ನು ವಿವರಿಸಿದರು. ಈ ಜಾಗ ಬಹಳ ಚಿಕ್ಕದು, ನಮ್ಮ ಹಳ್ಳಿಮನೆಯ ಅಡಿಗೆಕೋಣೆಯ ಹಾಗೆ. ಅಲ್ಲಿ ಇಬ್ಬರು ಬೇಡದ ನೆಂಟರು ಬಂದು ಕುಳಿತರೆ ಅಡಿಗೆ ಮಾಡುವವಳಿಗೆ ತಿರುಗಲು ಸ್ಥಳವಿರುವುದಿಲ್ಲ. ‘ನಪಾಸಾದರೆ’ ಎಂಬ ಯೋಚನೆಯೇ ಆ ನೆಂಟ. 180 ಎಲ್ಲಿಟ್ಟೆನೆಂದು ಮರೆತುಹೋಗುತ್ತದೆ. ಹುಡುಗನಿಗೆ ಗುಣಾಕಾರ ಬರುವುದಿಲ್ಲವೆಂದು ನಾವು ತೀರ್ಮಾನಿಸುತ್ತೇವೆ. ಹೊರಗೆ ಬಂದ ಮೇಲೆ ಬಸ್‌ಸ್ಟ್ಯಾಂಡಿನಲ್ಲಿ ಅದೇ ಲೆಕ್ಕಕ್ಕೆ ಅವನು ಥಟ್ಟನೆ ಉತ್ತರ ಹೇಳುವುದುಂಟು. ಆಗಲೂ ನಾವು ಅವನನ್ನೇ ಬೈಯುತ್ತೇವೆ!

ಇನ್ನು ವ್ಯಕ್ತಿತ್ವದ ಕಡೆಗೆ ತಿರುಗೋಣ. ಚಾರ್ಲ್ಸ್ ಸ್ಪೀಲ್‌ಬರ್ಗರ್ ಎಂಬ ವಿದ್ವಾಂಸರು 1966ರ ಸುಮಾರಿನಿಂದ ಆತಂಕದ ಸ್ಥಿತಿ ಬೇರೆ, ಆತಂಕದ ಗುಣ ಬೇರೆ ಎಂದು ಒತ್ತಿ ಹೇಳಿದರು. ಈ ಭೇದವನ್ನು ಕನ್ನಡಿಗರಿಗೆ ವಿವರಿಸುವುದು ಕಷ್ಟವಲ್ಲ. ‘ಇವತ್ತು ಮಳೆ ಬಂತು’ ಎಂಬುದು ಸ್ಥಿತಿ. ‘ಇದು ಮಲೆನಾಡು’ ಎಂಬುದು ಗುಣ. ಚಿತ್ರದುರ್ಗದಲ್ಲಿಯೂ ಮಳೆ ಬರುತ್ತದೆ, ಆಗುಂಬೆಯಲ್ಲಿಯೂ ಬಿಸಿಲು ಬೀಳುತ್ತದೆ. ಆದರೆ ಸ್ವಲ್ಪ ಮೋಡ ಕವಿದೊಡನೆ ಎಲ್ಲಿ ಮಳೆಯಾದೀತೆಂಬುದನ್ನು ಯಾರಾದರೂ ಹೇಳಬಲ್ಲರು. ಪರೀಕ್ಷೆ ಎಂಬುದು ಮೋಡ. ಪರೀಕ್ಷಾತಂಕವನ್ನು ಸ್ಪೀಲ್‌ಬರ್ಗರ್ ಅವರು ಒಂದು ಸನ್ನಿವೇಶಕ್ಕೆ ಸೀಮಿತವಾದ ಗುಣವೆಂದೇ ಎಣಿಸಿದರು. 1980ರಲ್ಲಿ ಪ್ರಕಟವಾದ, 20 ವಾಕ್ಯಗಳ ಅವರ ಅಳತೆಗೋಲು ಇಂದಿಗೂ ಲೋಕದ ಅನೇಕ ಭಾಷೆಗಳಲ್ಲಿ ಬಳಕೆಯಲ್ಲಿದೆ.

ಮನುಷ್ಯನ ಗುಣಗಳು ಎಷ್ಟು? ಆಲ್ಪೋರ್ಟ್ ಮತ್ತು ಓಡ್ಬರ್ಟ್ ಎಂಬಿಬ್ಬರು 1936ರಲ್ಲಿ ಇಂಗ್ಲಿಷ್ ನಿಘಂಟನ್ನು ಜಾಲಾಡಿ, ಒಬ್ಬರಿಂದೊಬ್ಬರನ್ನು ಬೇರ್ಪಡಿಸಿ ಹೇಳುವ ಸುಮಾರು 18,000 ಶಬ್ದಗಳನ್ನು ಪಟ್ಟಿಮಾಡಿದರು. ನಮ್ಮ ಅಜ್ಜಿಯರೂ ಈ ಶಾಸ್ತ್ರದಲ್ಲಿ ಕಡಿಮೆಯವರಲ್ಲ: ಪುಕ್ಕಲ, ಮುಂಗೋಪಿ, ಅಳುಮುಂಜಿ, ಬಾಯಿಬಡುಕಿ, ಜಗಮೊಂಡ, ಮುಂಗುಸಿಯಂಥವನು, ಎಮ್ಮೆಚರ್ಮದವನು, ಒಂದೊಂದು ಮಾತಿಗೂ ಒಂದೊಂದು ಮುಖವಿದೆ. ಇಷ್ಟು ಶಬ್ದಗಳನ್ನು ಗಣಿತದ ಜರಡಿಯಲ್ಲಿ ಸೋಸಿ ಕೆಲವೇ ಮೂಲಗುಣಗಳಿಗೆ ಇಳಿಸುವ ಪ್ರಯತ್ನ ಬಳಿಕ ನಡೆಯಿತು. ರೇಮಂಡ್ ಕ್ಯಾಟೆಲ್ ವಯಸ್ಕರಿಗೆ ಹದಿನಾರು ಗುಣಗಳೆಂದರು. 12ರಿಂದ 18 ವರ್ಷದವರಿಗಾಗಿ ಹದಿನಾಲ್ಕು ಗುಣಗಳ ಪ್ರೌಢಶಾಲಾ ವ್ಯಕ್ತಿತ್ವ ಪ್ರಶ್ನಾವಳಿಯನ್ನೇ ಬೇರೆ ಮಾಡಿದರು. ಲಂಡನ್ನಿನ ಹ್ಯಾನ್ಸ್ ಐಸೆಂಕ್ ಅವರು 1947ರ ಗ್ರಂಥದಲ್ಲಿ ಎರಡೇ ಅಕ್ಷಗಳು ಸಾಕೆಂದು ವಾದಿಸಿದರು: ಬಹಿರ್ಮುಖತೆ–ಅಂತರ್ಮುಖತೆ ಒಂದು, ಭಾವಸ್ಥಿರತೆ–ಭಾವಚಂಚಲತೆ ಇನ್ನೊಂದು. ಇಂದು ಹೆಚ್ಚು ಮಂದಿ ಒಪ್ಪಿರುವುದು ಐದು ಗುಣಗಳ ಲೆಕ್ಕವನ್ನು. ಭಾವಚಂಚಲತೆ, ಬಹಿರ್ಮುಖತೆ, ಹೊಸತಿಗೆ ತೆರೆದ ಮನಸ್ಸು, ಹೊಂದಿಕೆಯ ಸ್ವಭಾವ, ಕರ್ತವ್ಯನಿಷ್ಠೆ ಎಂದು ಅವನ್ನು ಕನ್ನಡಿಸಬಹುದು. ಇವು ಪೆಟ್ಟಿಗೆಗಳಲ್ಲ, ಅಳತೆಪಟ್ಟಿಗಳು; ಪ್ರತಿಯೊಬ್ಬನೂ ಐದರಲ್ಲಿಯೂ ಎಲ್ಲೋ ಒಂದು ಕಡೆ ನಿಂತಿರುತ್ತಾನೆ.

ಪರೀಕ್ಷಾತಂಕದೊಡನೆ ಇವುಗಳ ಪೈಕಿ ಯಾವುದರ ನಂಟು ಗಟ್ಟಿಯಾದುದು? ಸಂದೇಹವಿಲ್ಲದೆ ಭಾವಚಂಚಲತೆಯದು. ಸಣ್ಣ ಕಾರಣಕ್ಕೂ ಮನಸ್ಸು ಕಲಕುವುದು, ಕಲಕಿದ್ದು ಬೇಗ ತಿಳಿಯಾಗದಿರುವುದು, ಆದುದನ್ನೇ ಮತ್ತೆ ಮತ್ತೆ ಮೆಲುಕು ಹಾಕುವುದು ಈ ಗುಣದ ಲಕ್ಷಣ. ಇಂಥ ಮಗುವಿಗೆ ಪರೀಕ್ಷೆಯೊಂದೇ ಅಲ್ಲ, ನೆಂಟರ ಮನೆಗೆ ಹೋಗುವುದೂ ಒಂದು ಪರೀಕ್ಷೆಯೇ. ಐಸೆಂಕರ ಮತದಂತೆ ಇದರಲ್ಲಿ ನರಮಂಡಲದ ಹುಟ್ಟುಪಾಲು ಸಾಕಷ್ಟಿದೆ. ಅವಳಿಮಕ್ಕಳನ್ನು ಕುರಿತ ಅಧ್ಯಯನಗಳೂ ವ್ಯಕ್ತಿತ್ವದ ಭೇದಗಳಲ್ಲಿ ಹೆಚ್ಚು ಕಡಿಮೆ ಅರ್ಧ ಪಾಲು ಆನುವಂಶಿಕವೆಂದು ಹೇಳುತ್ತವೆ. ಅಂದಮೇಲೆ ‘ಹುಟ್ಟುಗುಣ’ ಎಂದ ಹಿರಿಯರು ಪೂರ್ತಿ ಸುಳ್ಳು ಹೇಳಲಿಲ್ಲ. ಆದರೆ ಉಳಿದ ಅರ್ಧ?

ಬಹಿರ್ಮುಖತೆಯ ವಿಷಯ ಇಷ್ಟು ಖಚಿತವಲ್ಲ. ಮಾತುಗಾರರಿಗೆ ಆತಂಕ ಸ್ವಲ್ಪ ಕಡಿಮೆಯೆಂದು ಕಾಣುತ್ತದೆ, ಸ್ವಲ್ಪವೇ. ಇಲ್ಲಿ ನಮ್ಮ ಶಾಲೆಗಳಲ್ಲಿ ಆಗುವ ಒಂದು ಅನ್ಯಾಯವನ್ನು ಹೇಳದೆ ಮುಂದೆ ಹೋಗಲಾರೆ. ಅಂತರ್ಮುಖತೆ ಬೇರೆ, ಪುಕ್ಕಲುತನ ಬೇರೆ. ಒಬ್ಬಂಟಿಯಾಗಿ ಇರುವುದನ್ನು ಇಷ್ಟಪಡುವುದು ಮೊದಲನೆಯದು, ನಾಲ್ಕು ಜನರ ನಡುವೆ ಇರಲು ಅಂಜುವುದು ಎರಡನೆಯದು. ತರಗತಿಯಲ್ಲಿ ಕೈಯೆತ್ತದ ಹುಡುಗಿಯನ್ನು ‘ಇವಳಿಗೆ ಭಯ, ಪರೀಕ್ಷೆಯಲ್ಲೇನು ಬರೆದಾಳು’ ಎಂದು ಹಿಂದಿನ ಬೆಂಚಿಗೆ ತಳ್ಳುವುದನ್ನು ನೋಡಿದ್ದೇನೆ. ಆ ಹುಡುಗಿ ಒಂದಿಷ್ಟೂ ಗಾಬರಿಯಿಲ್ಲದೆ ಬರೆದು ಬರಬಹುದು. ಅದೇ ಸಮಯದಲ್ಲಿ, ತರಗತಿಯನ್ನೆಲ್ಲ ನಗಿಸುತ್ತಿದ್ದ ಹುಡುಗ ಮನೆಗೆ ಹೋಗಿ ನಿದ್ದೆಯಿಲ್ಲದೆ ಹೊರಳಾಡುತ್ತಿರಬಹುದು.

ಕರ್ತವ್ಯನಿಷ್ಠೆಯದು ಎಲ್ಲಕ್ಕಿಂತ ಸ್ವಾರಸ್ಯವಾದ ಕಥೆ. ಅಚ್ಚುಕಟ್ಟಾಗಿ ಓದುವವನಿಗೆ ಸಿದ್ಧತೆ ಇರುತ್ತದೆ. ಸಿದ್ಧತೆ ಇರುವವನಿಗೆ ಅಂಜಿಕೆ ಕಡಿಮೆ. ಸಾಮಾನ್ಯವಾಗಿ ಲೆಕ್ಕ ಹೀಗೆಯೇ ಬರುತ್ತದೆ. ಆದರೆ ಇದೇ ಗುಣಕ್ಕೆ ಪರಿಪೂರ್ಣತೆಯ ಹಂಬಲ ಅಂಟಿಕೊಂಡಾಗ ಲೆಕ್ಕ ತಿರುಗುಮುರುಗಾಗುತ್ತದೆ. ಹ್ಯೂವಿಟ್ ಮತ್ತು ಫ್ಲೆಟ್ ಎಂಬ ಕೆನಡಾ ದೇಶದ ವಿದ್ವಾಂಸರು 1991ರಲ್ಲಿ ಈ ಹಂಬಲದ ಮೂರು ಬಗೆಗಳನ್ನು ಗುರುತಿಸಿದರು. ತನ್ನಿಂದ ತಾನು ಬಯಸುವುದು, ಇತರರಿಂದ ಬಯಸುವುದು, ಇತರರು ತನ್ನಿಂದ ಬಯಸುತ್ತಾರೆಂದು ನಂಬುವುದು. ಆತಂಕವನ್ನು ಹೆಚ್ಚಿಸುವುದರಲ್ಲಿ ಈ ಮೂರನೆಯದು ಮುಂದಾಳು.

ಈ ಮೂರನೆಯ ಬಗೆಯನ್ನು ನಾನು ಪುಸ್ತಕದಲ್ಲಿ ಓದುವ ಮೊದಲೇ ನಮ್ಮ ಬೀದಿಯಲ್ಲಿ ಕಂಡಿದ್ದೆ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಆದಕಾರಣ ಸಂಜೆಯ ಹೊತ್ತು ಬೀದಿಯ ಮಕ್ಕಳಿಗೆ ನಾನೇ ಮೇಷ್ಟರು. ಎರಡು ವರ್ಷಗಳಿಂದ ಹತ್ತನೆಯ ತರಗತಿಯ ಐದಾರು ಮಕ್ಕಳು ನಮ್ಮ ಜಗಲಿಗೆ ಬಂದು ಕೂರುತ್ತಾರೆ. ಅವರಲ್ಲಿ ಒಬ್ಬಳು ಗಣಿತದಲ್ಲಿ ನನ್ನನ್ನೇ ತಿದ್ದಬಲ್ಲವಳು. ಪರೀಕ್ಷೆ ಹತ್ತಿರವಾದಂತೆ ಅವಳ ನೋಟುಪುಸ್ತಕದ ಅಕ್ಷರ ಚಿಕ್ಕದಾಗುತ್ತ ಹೋಯಿತು. ಬರೆದುದನ್ನು ಹೊಡೆದು ಹಾಕಿ ಮತ್ತೆ ಬರೆಯುವುದು ಹೆಚ್ಚಾಯಿತು. ಒಂದು ದಿನ, ‘ಏನವ್ವ, ಬರುವ ಲೆಕ್ಕವನ್ನೇ ಯಾಕೆ ಹೊಡೆದುಹಾಕುತ್ತೀಯ?’ ಎಂದು ಕೇಳಿದೆ. ‘ಅಣ್ಣ, ಈ ಸಲ ಹೋಯಿತು ಅಂದರೆ ನಮ್ಮಪ್ಪ ಗಾರ್ಮೆಂಟ್ಸ್ ಬಸ್ಸಿಗೆ ಹತ್ತಿಸುತ್ತಾರೆ. ಇಲ್ಲ ಅಂದರೆ ಮಾವನ ಮನೆಯವರಿಗೆ ಹೇಳಿಕಳಿಸುತ್ತಾರೆ’ ಎಂದಳು. ಅವಳ ಆತಂಕವನ್ನು ಭಾವಚಂಚಲತೆ ಎಂದು ಕರೆಯಲು ನನಗೆ ಬಾಯಿ ಬರುವುದಿಲ್ಲ. ಅವಳು ಹೆದರುತ್ತಿದ್ದುದು ಇಲ್ಲದ ಹಾವಿಗಲ್ಲ. ಸಿರಿವಂತರ ಮನೆಯ ಮಗುವಿಗೆ ನಪಾಸೆಂದರೆ ಒಂದು ವರ್ಷ, ಇಲ್ಲವೇ ಇನ್ನೊಂದು ಟ್ಯೂಷನ್. ಇವಳಿಗೆ ಅದು ಒಂದು ಬದುಕು. ಪ್ರಶ್ನಾವಳಿಯಲ್ಲಿ ಇಬ್ಬರೂ ಒಂದೇ ಅಂಕ ಪಡೆಯಬಹುದು. ಪಾಶ್ಚಾತ್ಯ ವಿದ್ವಾಂಸರ ಅಳತೆಗೋಲುಗಳನ್ನು ನಮ್ಮಲ್ಲಿಗೆ ತರುವವರು ಈ ಮಾತನ್ನು ಮರೆಯಲಾಗದು: ಗುಣವನ್ನು ಅಳೆಯುವಾಗ, ಆ ಗುಣದ ಮೇಲೆ ಬಿದ್ದಿರುವ ಭಾರವನ್ನೂ ಕೇಳಿ ತಿಳಿಯಬೇಕು.

ಇದಕ್ಕೆ ಹತ್ತಿರದ ಇನ್ನೊಂದು ಗುಣವುಂಟು. ಜೂಲಿಯನ್ ರಾಟರ್ ಎಂಬವರು 1966ರಲ್ಲಿ ಹೇಳಿದ ನಿಯಂತ್ರಣದ ನೆಲೆ. ನನಗೆ ಆಗುವುದೆಲ್ಲ ನನ್ನ ಕೈಯಲ್ಲಿದೆ ಎಂದು ನಂಬುವವರು ಒಂದು ತುದಿ. ಅದೃಷ್ಟ, ಹಣೆಬರಹ, ಪತ್ರಿಕೆ ತಿದ್ದುವವರ ಮನಸ್ಸು ಎನ್ನುವವರು ಇನ್ನೊಂದು ತುದಿ. ಎರಡನೆಯವರಲ್ಲಿ ಪರೀಕ್ಷಾತಂಕ ಹೆಚ್ಚೆಂದು ಬಹುಮಟ್ಟಿಗೆ ಕಂಡುಬಂದಿದೆ. ಹಣೆಬರಹವನ್ನು ನಂಬಿದವನು ನಿಶ್ಚಿಂತನಾಗಿರಬೇಕಲ್ಲವೆ ಎಂದು ನನಗೆ ಮೊದಲು ಆಶ್ಚರ್ಯವಾಗಿತ್ತು. ಯೋಚಿಸಿದರೆ ಕಾರಣ ಹೊಳೆಯುತ್ತದೆ. ಚುಕ್ಕಾಣಿ ತನ್ನ ಕೈಯಲ್ಲಿಲ್ಲದ ದೋಣಿಯಲ್ಲಿ ಕುಳಿತವನಿಗೆ ಪ್ರತಿಯೊಂದು ಅಲೆಯೂ ದೊಡ್ಡದೇ.

ಹುಡುಗಿಯರು ಹುಡುಗರಿಗಿಂತ ಹೆಚ್ಚು ಆತಂಕವನ್ನು ಒಪ್ಪಿಕೊಳ್ಳುತ್ತಾರೆಂಬುದು ದೇಶದೇಶಗಳಲ್ಲಿ ಕಂಡುಬಂದ ವಿಷಯ. ‘ಒಪ್ಪಿಕೊಳ್ಳುತ್ತಾರೆ’ ಎಂಬ ಕ್ರಿಯಾಪದವನ್ನು ಬೇಕೆಂದೇ ಬಳಸಿದ್ದೇನೆ. ಗಂಡುಮಗ ಹೆದರಬಾರದೆಂದು ಕೇಳಿಕೊಂಡು ಬೆಳೆದವನು ಪ್ರಶ್ನಾವಳಿಗೂ ಸುಳ್ಳು ಹೇಳುವುದುಂಟು. ಹೇಗೂ ಇರಲಿ, 2023, 2024, 2025ರ ಎಸ್.ಎಸ್.ಎಲ್.ಸಿ. ಫಲಿತಾಂಶಗಳಲ್ಲಿ ಹುಡುಗಿಯರೇ ಮುಂದಿದ್ದರು. ಆತಂಕ ಹೆಚ್ಚಿದ್ದರೆ ಅಂಕ ಕಡಿಮೆ ಬರಲೇಬೇಕೆಂಬ ನಿಯಮವೇನೂ ಇಲ್ಲ.

ಈಗ ಅಂಕಿಗಳ ವಿಚಾರ. 1988ರಲ್ಲಿ ರೇ ಹೆಂಬ್ರೀ ಎಂಬವರು 562 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. 2018ರಲ್ಲಿ ಫಾನ್ ಡೆರ್ ಎಂಬ್ಸೆ ಮತ್ತು ಸಂಗಡಿಗರು ಹಿಂದಿನ ಮೂವತ್ತು ವರ್ಷಗಳ 238 ಅಧ್ಯಯನಗಳನ್ನು ನೋಡಿದರು. ಪರೀಕ್ಷಾತಂಕ ಹೆಚ್ಚಿದಂತೆ ಅಂಕ ಇಳಿಯುತ್ತದೆ, ಆತ್ಮಗೌರವವೂ ಕಡಿಮೆ ಇರುತ್ತದೆ ಎಂಬುದು ಇಬ್ಬರ ಲೆಕ್ಕದಲ್ಲಿಯೂ ಬಂದಿದೆ. ಆದರೆ ಇಳಿಕೆ ಎಷ್ಟು? 1991ರಲ್ಲಿ ಜೈಪ್ ಎಂಬ ಜರ್ಮನ್ ವಿದುಷಿ ಮಾಡಿದ ಲೆಕ್ಕದಲ್ಲಿ ಆತಂಕಕ್ಕೂ ಅಂಕಕ್ಕೂ ಇರುವ ಸಹಸಂಬಂಧ ಋಣ 0.21. ಸಂಖ್ಯಾಶಾಸ್ತ್ರ ಓದಿದ ಮಿತ್ರರಿಗೆ ಇದರ ಅರ್ಥ ಗೊತ್ತು. ಆ ಸಂಖ್ಯೆಯನ್ನು ಅದರಿಂದಲೇ ಗುಣಿಸಿದರೆ 0.044, ಅಂದರೆ ವಿದ್ಯಾರ್ಥಿಗಳ ಅಂಕಗಳಲ್ಲಿ ಕಾಣುವ ಏರುಪೇರಿನಲ್ಲಿ ನೂರಕ್ಕೆ ನಾಲ್ಕು ಪಾಲು ಮಾತ್ರ ಆತಂಕದೊಡನೆ ಹೊಂದಿಕೊಂಡು ನಡೆಯುತ್ತದೆ. ಉಳಿದ ತೊಂಬತ್ತಾರು ಪಾಲು ಓದು, ಬುದ್ಧಿ, ಅಧ್ಯಾಪಕರು, ಮನೆ, ಆರೋಗ್ಯ, ಅಂದಿನ ಪ್ರಶ್ನೆಗಳು. ಪರೀಕ್ಷಾ ಭೀತಿಯೇ ಎಲ್ಲಕ್ಕೂ ಕಾರಣವೆಂದು ಭಾಷಣ ಮಾಡುವವರು ಈ ನಾಲ್ಕನ್ನು ನೆನಪಿಡುವುದು ಒಳ್ಳೆಯದು. ಹಾಗೆಂದು ನಾಲ್ಕು ಪಾಲನ್ನು ಅಲ್ಲಗಳೆಯುವಂತೆಯೂ ಇಲ್ಲ. ತೊಂಬತ್ತು ಅಂಕ ಪಡೆಯುವವನಿಗೆ ನಾಲ್ಕಾರು ಅಂಕದ ಏರುಪೇರು ಬೇಸರದ ವಿಷಯ. ಪಾಸು ನಪಾಸಿನ ಗೆರೆಯ ಮೇಲೆ ನಿಂತವನಿಗೆ ಅದೇ ಸರ್ವಸ್ವ.

ಸಹಸಂಬಂಧವೆಂದರೆ ಕಾರಣವಲ್ಲವೆಂಬುದು ನಮಗೆ ಮೊದಲ ವರ್ಷದಲ್ಲಿಯೇ ಹೇಳಿಕೊಟ್ಟ ಪಾಠ. ಆತಂಕದಿಂದ ಅಂಕ ಇಳಿಯಿತೋ, ಓದಿಲ್ಲದವನಿಗೆ ತನ್ನ ಓದಿನ ಕೊರತೆ ಗೊತ್ತಿದ್ದೇ ಆತಂಕ ಹುಟ್ಟಿತೋ? ಎರಡೂ ನಡೆಯುತ್ತವೆ, ಬೇರೆಬೇರೆ ಮಕ್ಕಳಲ್ಲಿ. ಚೆನ್ನಾಗಿ ಓದಿ, ಕೊಠಡಿಯಲ್ಲಿ ಮರೆಯುವವನು ಒಬ್ಬ. ಓದುವ ಕ್ರಮವೇ ಗೊತ್ತಿಲ್ಲದೆ ಆತಂಕಪಡುವವನು ಇನ್ನೊಬ್ಬ. ‘ಓದಿಲ್ಲ, ಅದಕ್ಕೇ ಭಯ’ ಎಂಬ ಹಿರಿಯರ ಮಾತು ಎರಡನೆಯವನಿಗೆ ಸಲ್ಲುತ್ತದೆ. ಮೊದಲನೆಯವನಿಗೆ ಅದೇ ಮಾತನ್ನು ಹೇಳಿದರೆ ಅವನ ಅಡಿಗೆಕೋಣೆಗೆ ಮತ್ತೊಬ್ಬ ನೆಂಟನನ್ನು ಕಳಿಸಿದಂತೆ.

ಅಳತೆಯ ವಿಷಯವಾಗಿ ಒಂದು ಮಾತು. ಕನ್ನಡದಲ್ಲಿ ಮನಸ್ಸನ್ನು ಅಳೆಯುವ ಕೆಲಸ ಹೊಸದಲ್ಲ. ಧಾರವಾಡದ ಡಾ. ವಿ. ವಿ. ಕಾಮತರು ಬಿನೆಯವರ ಬುದ್ಧಿಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಹೊಂದಿಸಿದರು. ಅವರ ಗ್ರಂಥ 1940ರಲ್ಲಿ ಹೊರಬಂತು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರವನ್ನು ಬೆಳೆಸಿದ ಎಂ. ವಿ. ಗೋಪಾಲಸ್ವಾಮಿಯವರು ಲಂಡನ್ನಿನಲ್ಲಿ ಸ್ಪಿಯರ್ಮನ್ ಅವರ ಶಿಷ್ಯರಾಗಿದ್ದವರು. 1935ರಲ್ಲಿ ತಮ್ಮ ಮನೆಯಿಂದಲೇ ಆಕಾಶವಾಣಿಯನ್ನು ಆರಂಭಿಸಿದವರೆಂದು ನಾಡಿಗೆ ಅವರ ಪರಿಚಯವಿದೆ. ಆದರೆ ಬುದ್ಧಿಯನ್ನು ಅಳೆಯುವುದಕ್ಕಿಂತ ಆತಂಕವನ್ನು ಅಳೆಯುವುದು ತೊಡಕಿನ ಕೆಲಸ. ಕಳವಳ, ದಿಗಿಲು, ಗಾಬರಿ, ಅಳುಕು, ತಳಮಳ—ಇವುಗಳಲ್ಲಿ ಯಾವುದು ಚಿಂತೆ, ಯಾವುದು ಉದ್ವೇಗ? ನಮ್ಮ ಜಗಲಿಯ ಮಕ್ಕಳಂತೂ ಎಲ್ಲಕ್ಕೂ ‘ಟೆನ್ಷನ್’ ಎಂದುಬಿಡುತ್ತಾರೆ. ಪರೀಕ್ಷೆಯ ಹಿಂದಿನ ರಾತ್ರಿ ನಿದ್ದೆ ಬರುವುದಿಲ್ಲವೇ ಎಂದು ಒಬ್ಬ ಹುಡುಗನನ್ನು ಕೇಳಿದೆ. ‘ಇಲ್ಲ’ ಎಂದ. ಆತಂಕದ ಖಾತೆಗೆ ಒಂದು ಅಂಕ ಸೇರಿಸುವವನಿದ್ದೆ. ಆಗ ಅವನೇ, ‘ತ್ರೀ ಫೇಸ್ ಕರೆಂಟು ರಾತ್ರಿಯೇ ಕೊಡೋದು, ತೋಟಕ್ಕೆ ನೀರು ಹಾಯಿಸಬೇಕು’ ಎಂದ. ಅಚ್ಚಾದ ಪ್ರಶ್ನಾವಳಿಯಲ್ಲಿ ಪಂಪ್‌ಸೆಟ್ಟಿಗೆ ಜಾಗವಿಲ್ಲ.

ಸ್ವಲ್ಪ ಭಯ ಇದ್ದರೇ ಒಳ್ಳೆಯದು ಎಂಬ ವಾದವನ್ನು ಎಲ್ಲರೂ ಕೇಳಿದ್ದೇವೆ. ಇದರ ಬೆನ್ನಿಗೆ ಯರ್ಕ್ಸ್ ಮತ್ತು ಡಾಡ್ಸನ್ ಅವರ ನಿಯಮವನ್ನು ನಿಲ್ಲಿಸುತ್ತಾರೆ. 1908ರ ಆ ಪ್ರಯೋಗ ನಡೆದದ್ದು ಇಲಿಗಳ ಮೇಲೆ. ಎರಡು ಪೆಟ್ಟಿಗೆಗಳಲ್ಲಿ ಕಪ್ಪನ್ನು ಬಿಟ್ಟು ಬಿಳಿಯದನ್ನು ಹೊಗಲು ಕಲಿಸಿ, ತಪ್ಪಿದಾಗ ವಿದ್ಯುತ್ತಿನ ಪೆಟ್ಟು ಕೊಡುತ್ತಿದ್ದರು. ಭೇದ ಸುಲಭವಾಗಿ ಕಾಣುವಂತಿದ್ದಾಗ ಪೆಟ್ಟು ಜೋರಾದಷ್ಟೂ ಕಲಿಕೆ ಬೇಗವಾಯಿತು. ಭೇದ ಕಾಣುವುದು ಕಷ್ಟವಾದಾಗ ಜೋರು ಪೆಟ್ಟು ಕಲಿಕೆಯನ್ನು ಕೆಡಿಸಿತು. ವಾದಿಸುವವರು ಮೊದಲ ಅರ್ಧವನ್ನು ನೆನಪಿಟ್ಟು ಎರಡನೆಯದನ್ನು ಬಿಡುತ್ತಾರೆ. ಹತ್ತನೆಯ ತರಗತಿಯ ಗಣಿತ ಸುಲಭದ ಕೆಲಸವೋ ಕಷ್ಟದ್ದೋ, ಅವರೇ ಹೇಳಲಿ. 1960ರಲ್ಲಿ ಆಲ್ಪರ್ಟ್ ಮತ್ತು ಹೇಬರ್ ಎಂಬವರು ನೆರವಾಗುವ ಆತಂಕ, ತೊಡಕಾಗುವ ಆತಂಕ ಎಂದು ವಿಂಗಡಿಸಿದರು; ಅದು ಇದಕ್ಕಿಂತ ಉಪಯುಕ್ತವಾದ ವಿಂಗಡಣೆ. ಒಂದೇ ಗದರಿಕೆ ಭಾವಸ್ಥಿರನಾದ ಸೋಮಾರಿಯನ್ನು ಎಬ್ಬಿಸೀತು, ಭಾವಚಂಚಲೆಯಾದ ಶ್ರಮಜೀವಿಯನ್ನು ಮಲಗಿಸೀತು. ತರಗತಿಯಲ್ಲಿ ಉತ್ತರಪತ್ರಿಕೆಗಳನ್ನು ಅಂಕಗಳ ಇಳಿಕೆಯ ಕ್ರಮದಲ್ಲಿ ಕೂಗಿ ಹಂಚುವ ಪದ್ಧತಿ ಇದೆಯಷ್ಟೆ. ಅದು ಎರಡು ಬಗೆಯವರಿಗೂ ಒಂದೇ ಔಷಧ ಕುಡಿಸುವ ವೈದ್ಯ.

ನಮ್ಮ ರಾಜ್ಯದಲ್ಲಿ ಇತ್ತೀಚೆಗೆ ಆದ ಎರಡು ಬದಲಾವಣೆಗಳನ್ನು ಈ ದೃಷ್ಟಿಯಿಂದ ನೋಡಬಹುದು. 2024ರಲ್ಲಿ ಎಸ್.ಎಸ್.ಎಲ್.ಸಿ.ಗೆ ವರ್ಷದಲ್ಲಿ ಮೂರು ಪರೀಕ್ಷೆಗಳ ಅವಕಾಶ ಬಂತು. ಅದೇ ವರ್ಷ ಕೊಠಡಿಗಳಲ್ಲಿ ಕ್ಯಾಮೆರಾ ಇಟ್ಟು ವೆಬ್‌ಕಾಸ್ಟಿಂಗ್ ಮಾಡಲಾಯಿತು. 2023ರಲ್ಲಿ ಶೇಕಡ 83.89 ಇದ್ದ ಫಲಿತಾಂಶ 2024ರ ಮೊದಲ ಪರೀಕ್ಷೆಯಲ್ಲಿ, ಕೃಪಾಂಕ ಹೆಚ್ಚಿಸಿದ ಮೇಲೂ, 73.40ಕ್ಕೆ ಇಳಿಯಿತು. ಕ್ಯಾಮೆರಾ ಕಂಡು ಮಕ್ಕಳು ಗಾಬರಿಯಾದರೆಂದು ಕೆಲವರು, ನಕಲು ನಿಂತಿತೆಂದು ಕೆಲವರು ಹೇಳಿದರು. ಬರಿಯ ಎರಡು ಅಂಕಿಗಳಿಂದ ಇದನ್ನು ತೀರ್ಮಾನಿಸಲಾಗದು. ನಕಲು ನಿಂತದ್ದೇ ದೊಡ್ಡ ಕಾರಣವೆಂದು ನನ್ನ ಎಣಿಕೆ; ಪ್ರಾಮಾಣಿಕವಾಗಿ ಓದಿದವನಿಗೆ ಅದು ನ್ಯಾಯವೂ ಹೌದು. ಆದರೆ ಇತರರ ಕಣ್ಣಿಗೆ ಅಂಜುವ ಸ್ವಭಾವದ ಮಗುವಿಗೆ ಆ ಕ್ಯಾಮೆರಾ ಇನ್ನೊಂದು ಕಣ್ಣು ಎಂಬುದೂ ಸುಳ್ಳಲ್ಲ. ಮೂರು ಅವಕಾಶಗಳ ಏರ್ಪಾಡನ್ನು ಮಾತ್ರ ನಾನು ಮನಸಾರೆ ಒಪ್ಪುತ್ತೇನೆ. ಗಾರ್ಮೆಂಟ್ಸ್ ಬಸ್ಸಿಗೆ ಹೆದರಿದ ಹುಡುಗಿಗೆ, ಬಸ್ಸು ಬರುವ ಮೊದಲು ಇನ್ನೆರಡು ಬಾಗಿಲುಗಳಿವೆಯೆಂದು ಹೇಳಲು ಅದು ಆಸ್ಪದ ಕೊಟ್ಟಿತು.

ಪರಿಹಾರಗಳ ವಿಷಯದಲ್ಲಿ ಉತ್ಸಾಹಕ್ಕಿಂತ ಎಚ್ಚರ ಮೇಲು. 2011ರಲ್ಲಿ ರಾಮಿರೆಜ್ ಮತ್ತು ಬೈಲಾಕ್ ಎಂಬ ಅಮೆರಿಕದ ಶೋಧಕರು, ಪರೀಕ್ಷೆಗೆ ಮುಂಚೆ ಹತ್ತು ನಿಮಿಷ ತಮ್ಮ ಚಿಂತೆಗಳನ್ನು ಕಾಗದದ ಮೇಲೆ ಬರೆದ ಒಂಬತ್ತನೆಯ ತರಗತಿಯ ಮಕ್ಕಳಲ್ಲಿ, ಹೆಚ್ಚು ಆತಂಕದವರ ಅಂಕ ಸುಧಾರಿಸಿತೆಂದು ವರದಿಮಾಡಿದರು. ಪತ್ರಿಕೆಗಳು ಇದನ್ನು ಕೊಂಡಾಡಿದವು. 2018ರಲ್ಲಿ ಬೇರೆ ವಿದ್ವಾಂಸರ ತಂಡ ಅದೇ ಲೇಖನದ ಪ್ರಯೋಗಶಾಲೆಯ ಭಾಗವನ್ನು ಮತ್ತೆ ಮಾಡಿದಾಗ ಆ ಫಲ ದೊರೆಯಲಿಲ್ಲ. ಹತ್ತು ನಿಮಿಷ ಬರೆಯುವುದರಿಂದ ಹಾನಿಯೇನಿಲ್ಲ, ಪವಾಡವೂ ಇಲ್ಲ. ಹೆಚ್ಚು ಭರವಸೆ ಕೊಡುವುದು ಎರಡನ್ನು ಜೊತೆಗೂಡಿಸುವ ಕ್ರಮ: ಚಿಂತೆಯ ಮಾತುಗಳನ್ನು ಗುರುತಿಸಿ ಉತ್ತರ ಹೇಳಿಕೊಳ್ಳಲು ಕಲಿಸುವುದು, ಅದರ ಸಂಗಡ ಓದುವ ಕ್ರಮವನ್ನೂ ಕಲಿಸುವುದು. ಹುಟ್ಟುಗುಣ ಬದಲಾಗದು ಎಂಬ ಮಾತಿಗೂ ಉತ್ತರವಿದೆ. 2017ರಲ್ಲಿ ಬ್ರೆಂಟ್ ರಾಬರ್ಟ್ಸ್ ಮತ್ತು ಸಂಗಡಿಗರು 207 ಅಧ್ಯಯನಗಳನ್ನು ಸೇರಿಸಿ ನೋಡಿದಾಗ, ಚಿಕಿತ್ಸೆಯಿಂದ ಹೆಚ್ಚು ಬದಲಾದ ಗುಣ ಭಾವಚಂಚಲತೆಯೇ ಆಗಿತ್ತು; ಬದಲಾವಣೆಗೆ ಹಿಡಿದ ಕಾಲ ವರ್ಷಗಳಲ್ಲ, ವಾರಗಳು.

ಆದರೆ ಹಳ್ಳಿಯ ಪ್ರೌಢಶಾಲೆಗೆ ಮನಶ್ಶಾಸ್ತ್ರಜ್ಞರನ್ನು ಎಲ್ಲಿಂದ ತರುವುದು? ನಮ್ಮ ಜಗಲಿಯ ಮಟ್ಟಿಗೆ ಈ ವರ್ಷ ನಾವು ಮಾಡಿದ್ದು ಸಣ್ಣ ಕೆಲಸ. ನಮ್ಮೂರ ಮಕ್ಕಳ ಪರೀಕ್ಷಾ ಕೇಂದ್ರ ಇರುವುದು ಹೋಬಳಿಯ ಊರಿನಲ್ಲಿ. ಗುಣದ ಆತಂಕವನ್ನು ಕಡಿಮೆಮಾಡುವ ಶಕ್ತಿ ನನಗಿಲ್ಲ. ಸ್ಥಿತಿಯ ಆತಂಕದಲ್ಲಿ ಗುರುತಿಲ್ಲದ ಜಾಗದ ಪಾಲೂ ಒಂದಿರುತ್ತದೆಂದು ಓದಿದ್ದೆ. ಪರೀಕ್ಷೆಗೆ ಒಂದು ವಾರ ಮುಂಚೆ ಐದು ಮಂದಿಯನ್ನೂ ಕರೆದುಕೊಂಡು ಹೋಗಿ, ಗೇಟು, ನೀರಿನ ನಲ್ಲಿ, ಹೆಣ್ಣುಮಕ್ಕಳ ಶೌಚಾಲಯ, ನಂಬರು ಅಂಟಿಸುವ ಹಲಗೆ ಎಲ್ಲವನ್ನೂ ತೋರಿಸಿದೆ. ಒಂದು ಖಾಲಿ ಕೊಠಡಿಯಲ್ಲಿ ಅರ್ಧ ಗಂಟೆ ಕೂರಿಸಿ ಹಳೆಯ ಪತ್ರಿಕೆಯೊಂದರ ಎರಡು ಲೆಕ್ಕ ಮಾಡಿಸಿದೆ. ಆ ಹುಡುಗಿ ಎರಡನ್ನೂ ಹೊಡೆದುಹಾಕದೆ ಮಾಡಿದಳು. ಖರ್ಚೆಂದರೆ ನನ್ನದೂ ಇಬ್ಬರು ಹುಡುಗರದೂ ಬಸ್ ಚಾರ್ಜು. ಹುಡುಗಿಯರಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯ ದೆಸೆಯಿಂದ ಅದೂ ಇಲ್ಲ.